ಬೋನು ಬಂತು, ಪಾಠ ಬರಲಿಲ್ಲ

ನಮ್ಮ ಜಿಲ್ಲಾ ಪುಟದಲ್ಲಿ 'ಬೋನು' ಎಂಬ ಪದ ಬಂದರೆ ಎಲ್ಲೋ ಚಿರತೆ ಕಾಣಿಸಿಕೊಂಡಿದೆ ಎಂದೇ ಅರ್ಥ. ಅರಣ್ಯ ಇಲಾಖೆಯವರು ಬೋನು ಇಡುತ್ತಾರೆ, ನಾವು ಎರಡು ಪ್ಯಾರಾ ಸುದ್ದಿ, ಒಂದು ಫೋಟೊ ಕಳಿಸುತ್ತೇವೆ. ಈಚೆಗೆ ಇನ್ನೊಂದು ಬಗೆಯ ಬೋನು ಬಂದಿದೆ. ತಾಲ್ಲೂಕು ಕೇಂದ್ರದ ಹೊಸ ಲೇಔಟ್‌ಗಳಲ್ಲಿ, ಕಾರ್ ಶೆಡ್ಡಿನ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಅದು ಸಿಗುತ್ತದೆ. ಒಳಗೆ ನಲವತ್ತು ದಿನದ ಲ್ಯಾಬ್ರಡಾರ್ ಮರಿ. ಕೇಳಿದರೆ 'ಕ್ರೇಟ್ ಟ್ರೈನಿಂಗ್ ಮಾಡ್ತಿದೀವಿ ಸಾರ್' ಅನ್ನುತ್ತಾರೆ. ಈ ಬೋನಿನ ಬಗ್ಗೆ ಡೆಸ್ಕಿನವರು ಸುದ್ದಿ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ವಾದ ಇಷ್ಟೇ. ಕ್ರೇಟ್ ಎಂಬ ವಸ್ತು ನಮ್ಮ ಊರುಗಳಿಗೆ ಬಂದಿದೆ, ಟ್ರೈನಿಂಗ್ ಎಂಬ ಕೆಲಸ ಬಂದಿಲ್ಲ. ಪೆಟ್ಟಿಗೆ ಕೊಂಡವರು ಹೆಚ್ಚು, ಸಮಯ ಕೊಟ್ಟವರು ಕಡಿಮೆ. ಈ ಅರ್ಧ ವಿದ್ಯೆಗೆ ಬೆಲೆ ತೆರುತ್ತಿರುವುದು ಎರಡು ತಿಂಗಳೂ ತುಂಬದ ಮರಿ. ಇದರಲ್ಲಿ ದುಡ್ಡು ಮಾಡಿಕೊಳ್ಳುತ್ತಿರುವವರು ಅದೇ ಮರಿಯನ್ನು ಮಾರಿದವರು.

ಮೊದಲು ಕ್ರೇಟ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡೋಣ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕಬೇಕು, ತಾಯಿಯೇ ನೆಕ್ಕಿ ಶುಚಿ ಮಾಡಬೇಕು. ಮೂರನೇ ವಾರ ದಾಟುತ್ತಿದ್ದಂತೆ ಮರಿಗಳು ತೂರಾಡಿಕೊಂಡು ಗೂಡಿನಿಂದ ಆಚೆ ಬಂದು ಹೊಯ್ಯಲು ಶುರು ಮಾಡುತ್ತವೆ. ಮಲಗುವ ಜಾಗ ಬೇರೆ, ಹೊಲಸು ಮಾಡುವ ಜಾಗ ಬೇರೆ ಎಂಬುದು ಅವಕ್ಕೆ ಹಾಗೆ ಕೂರುತ್ತದೆ. ಹುಲ್ಲಿನ ಬಣವೆಯ ಬುಡದಲ್ಲಿ ಬೀದಿ ನಾಯಿ ಮರಿ ಹಾಕಿದ್ದನ್ನು ನೋಡಿದವರಿಗೆಲ್ಲ ಇದು ಗೊತ್ತು. ಕ್ರೇಟ್ ಟ್ರೈನಿಂಗ್ ನಿಂತಿರುವುದು ಈ ಒಂದೇ ಕಾಲಿನ ಮೇಲೆ. ತಾನು ಮಲಗುವ ಜಾಗವನ್ನು ಮರಿ ಕೆಡಿಸಿಕೊಳ್ಳುವುದಿಲ್ಲ, ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಬಾಗಿಲು ತೆಗೆದ ಕೂಡಲೇ ನೀವು ಅದನ್ನು ಹೊರಗೆ ಒಯ್ದರೆ ಅಲ್ಲಿ ಹೊಯ್ಯುತ್ತದೆ, ನೀವು ಶಹಬ್ಬಾಸ್ ಅನ್ನುತ್ತೀರಿ. ಅಷ್ಟೇ ವಿದ್ಯೆ.

ಈಗ ಜಿಲ್ಲಾ ಕೇಂದ್ರದ ಯಾವುದಾದರೂ ಪೆಟ್ ಶಾಪ್ ಮುಂದೆ ಹತ್ತು ನಿಮಿಷ ನಿಲ್ಲಿ. ಪಕ್ಷಿ ಇಡುವ ಪಂಜರದಂಥದ್ದರಲ್ಲಿ ಮೂರು ನಾಲ್ಕು ಮರಿ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಹೇಲು. ಆಚೆ ಹೋಗಲು ಜಾಗವೇ ಇಲ್ಲದ ಮರಿ ತನ್ನ ಹೊಲಸಿನ ಮೇಲೆ ಮಲಗುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಅಂದರೆ ಕ್ರೇಟ್ ಟ್ರೈನಿಂಗ್ ಯಾವ ಕಾಲಿನ ಮೇಲೆ ನಿಂತಿದೆಯೋ ಆ ಕಾಲನ್ನು ಅಂಗಡಿಯಲ್ಲೇ ಮುರಿದು ಕಳಿಸುತ್ತಾರೆ. ಆಮೇಲೆ ಅದೇ ಕೌಂಟರಿನಲ್ಲಿ 'ಮನೆ ಗಲೀಜು ಮಾಡ್ಬಾರ್ದು ಅಂದ್ರೆ ಕ್ರೇಟ್ ತಗೊಳ್ಳಿ' ಅನ್ನುತ್ತಾರೆ. ಮನೆಗೆ ಬಂದ ಮರಿ ಕ್ರೇಟಿನೊಳಗೇ ಹೊಯ್ಯುತ್ತದೆ. ಮಾಲೀಕರು ಮರಿಯನ್ನು ಬೈಯುತ್ತಾರೆ, ಇನ್ನಷ್ಟು ಹೊತ್ತು ಒಳಗೆ ಹಾಕುತ್ತಾರೆ. ಅಂಗಡಿಯವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಲು ಕಾನೂನು ಇದೆ. ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ 56 ದಿನ. ನಮ್ಮ ಊರುಗಳಲ್ಲಿ 'ಮೂವತ್ತೈದು ದಿನದ ಮರಿ ಸಾರ್, ಫ್ರೆಶ್ಶು' ಎಂದು ಸೊಪ್ಪು ಮಾರಿದಂತೆ ಮಾರುತ್ತಾರೆ. ಆ ಮೂರು ವಾರದಲ್ಲಿ ತಾಯಿ ಮತ್ತು ಒಡಹುಟ್ಟಿದವು ಕಲಿಸುವುದು ಬಹಳವಿದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮರಿ ಕಲಿಯುವುದು ಅಣ್ಣ ತಮ್ಮಂದಿರ ಜೊತೆ ಕಿತ್ತಾಡುತ್ತ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಜಾಕ್ಸನ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಾಯಿಗಳನ್ನು ಗಮನಿಸಿ 1965ರಲ್ಲೇ ಪುಸ್ತಕ ಬರೆದರು. ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಯಾರ ಜೊತೆ, ಹೇಗೆ ಬೆಳೆಯುತ್ತದೆ ಎಂಬುದು ಅದರ ಮುಂದಿನ ಸ್ವಭಾವವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ ಎಂದು ತೋರಿಸಿದರು. ಆ ಅಮೂಲ್ಯ ವಾರಗಳನ್ನು ನಾವು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕಳೆಯಿಸುತ್ತಿದ್ದೇವೆ.

ಇನ್ನು ರೀಲ್ಸ್ ಪಂಡಿತರ ಮಾತು. 'ನಾಯಿ ಗುಹೆಯ ಪ್ರಾಣಿ, ಪೆಟ್ಟಿಗೆ ಅದಕ್ಕೆ ಗುಹೆ ಇದ್ದಂಗೆ' ಅನ್ನುತ್ತಾರೆ. ಅರ್ಧ ನಿಜ. ತೋಳ ಗುಹೆ ಹಿಡಿಯುವುದು ಮರಿ ಹಾಕಲು ಮತ್ತು ಮರಿಗಳು ಸಣ್ಣವಿರುವ ಕೆಲವು ವಾರಗಳಿಗೆ. ಉಳಿದ ಕಾಲ ಅದು ಬಯಲಿನದು. ಅದಿರಲಿ, ಯಾವ ಗುಹೆಗೂ ಹೊರಗಿನಿಂದ ಹಾಕುವ ಚಿಲಕ ಇರುವುದಿಲ್ಲ. ಮೋರಿಯ ಪೈಪಿನಲ್ಲಿ ಬೆಳೆಯುವ ಬೀದಿ ಕುನ್ನಿ ಹೆದರಿದಾಗ ಒಳಗೆ ಓಡುತ್ತದೆ, ಧೈರ್ಯ ಬಂದಾಗ ಆಚೆ ಬರುತ್ತದೆ. ಒಳಗೆ ಹೋಗುವುದೂ ಆಚೆ ಬರುವುದೂ ಅದರ ಇಷ್ಟ. ಬಾಗಿಲು ಹಾಕಿದ ಮೇಲೆ ಅದನ್ನು ಗುಹೆ ಎಂದು ಕರೆಯಬೇಡಿ.

'ಅಳಲಿ ಬಿಡಿ, ಎರಡು ರಾತ್ರಿ ಅತ್ತು ಸುಮ್ಮನಾಗುತ್ತೆ' ಎಂಬುದು ಇನ್ನೊಂದು ಉಪದೇಶ. ನಿನ್ನೆಯವರೆಗೆ ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ ಮರಿಯನ್ನು ಇವತ್ತು ಖಾಲಿ ಶೆಡ್ಡಿನಲ್ಲಿ ಕೂಡಿದರೆ ಅದು ಅಳದೆ ಏನು ಮಾಡೀತು? ಸುಮ್ಮನಾಗುತ್ತದೆ, ನಿಜ. ಕರೆದರೂ ಯಾರೂ ಬರುವುದಿಲ್ಲ ಎಂದು ಗೊತ್ತಾದರೆ ಯಾವ ಮರಿಯೂ ಸುಮ್ಮನಾಗುತ್ತದೆ. ಅದನ್ನು ಕಲಿಕೆ ಎನ್ನುವವರು ತಮ್ಮ ಮಕ್ಕಳ ಶಾಲೆಯಲ್ಲೂ ಇದೇ ಪಾಠ ಒಪ್ಪುತ್ತಾರಾ?

ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಸಂಗತಿ ಇದೆ. ಕ್ರೇಟ್ ಎಂಬುದು ನಾಯಿಯನ್ನು ಮನೆಯೊಳಗೆ ಇಟ್ಟುಕೊಳ್ಳುವವರು ಮಾಡಿಕೊಂಡ ಏರ್ಪಾಡು. ಮನುಷ್ಯರು ಮಲಗುವ ಕೋಣೆಯಲ್ಲೇ ಪೆಟ್ಟಿಗೆ ಇರುತ್ತದೆ. ಮರಿ ಎದ್ದು ಕುಂಯ್ ಅಂದರೆ ಕೈಗೆ ಎಟುಕುವ ದೂರದಲ್ಲಿ ಯಾರೋ ಇರುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ನಾಯಿ ಹೊಸ್ತಿಲು ದಾಟುವಂತಿಲ್ಲ. ದೇವರ ಮನೆ, ಮಡಿ, ಮೈಲಿಗೆ, ಅಜ್ಜಿಯ ಕೋಪ. ಅದು ಅವರವರ ಮನೆ ಪದ್ಧತಿ, ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಇಲ್ಲಿ: ಒಳಗೆ ಬರಲೇಬಾರದ ನಾಯಿಗೆ ಮನೆಯೊಳಗೆ ಹೇಗಿರಬೇಕು ಎಂಬ ಪಾಠ ಯಾತಕ್ಕೆ? ಅಂಥ ಮನೆಯಲ್ಲಿ ಕ್ರೇಟ್ ಇಟ್ಟರೆ ಅದು ಸರಪಳಿಯ ಬದಲು ಬಂದ ಹೊಸ ಸರಪಳಿ. ಬಣ್ಣ ಬೇರೆ, ರೇಟು ಜಾಸ್ತಿ.

ಗಂಟೆ ಲೆಕ್ಕವನ್ನೂ ಹಾಕೋಣ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಳ್ಳಬಲ್ಲದು ಎಂಬುದು ಪಳಗಿಸುವವರ ರೂಢಿಯ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ಕೊನೆಯ ಮಿತಿ. ಎಚ್ಚರವಿದ್ದು ಆಡುವಾಗ ಅರ್ಧ ಗಂಟೆಗೊಮ್ಮೆ ಹೊರಗೆ ಒಯ್ಯಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ 9ಕ್ಕೆ ಹೊರಟು ಸಂಜೆ 5.30ಕ್ಕೆ ಬರುವ ಮನೆಯಲ್ಲಿ ಎಂಟೂವರೆ ಗಂಟೆ ಆಯಿತು. ಈ ಲೆಕ್ಕ ಯಾವ ರೀಲ್ಸಿನಲ್ಲೂ ಕೂಡಿ ಬರುವುದಿಲ್ಲ. ಮಗ ಹಟ ಮಾಡಿ ಮರಿ ತರಿಸಿ, ಜೂನ್ ಬಂತೆಂದು ಹಾಸ್ಟೆಲ್ ಸೇರಿ, ಉಚ್ಚೆ ಬಳಿಯುವ ಕೆಲಸ ಅಮ್ಮನ ಪಾಲಿಗೆ ಬಂದ ಮನೆಗಳೂ ಇವೆ. ಆ ಅಮ್ಮ ಬೋನಿನ ಬಾಗಿಲು ಹಾಕಿದರೆ ನಾವು ಅವರನ್ನು ದೂರುವುದಿಲ್ಲ. ಮರಿ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ.

ಬಿಸಿಲನ್ನು ಮರೆಯಬೇಡಿ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಶೆಡ್ಡಿನ ಕೆಳಗಿನ ಕಬ್ಬಿಣದ ಬೋನಿನಿಂದ ಮರಿ ನೆರಳಿಗೆ ಸರಿದುಕೊಳ್ಳಲೂ ಆಗದು. ಬೀದಿ ನಾಯಿಯಾದರೂ ಚರಂಡಿ ಪಕ್ಕದ ತಂಪು ನೆಲ ಹುಡುಕಿಕೊಳ್ಳುತ್ತದೆ.

ಹಾಗಾದರೆ ಕ್ರೇಟ್ ಸುಡಬೇಕೆ? ಇಲ್ಲ. 'ಕ್ರೇಟೇ ಹಿಂಸೆ' ಎಂದು ಕೂಗಿ, ತಮ್ಮ ಮನೆಯ ಗೇಟಿಗೆ ಎರಡು ಅಡಿ ಸರಪಳಿಯಲ್ಲಿ ನಾಯಿ ಕಟ್ಟಿದವರ ಜೊತೆಗೂ ನಾವಿಲ್ಲ. ಲಸಿಕೆಗೆ ಆಟೊದಲ್ಲಿ ಪಶು ಆಸ್ಪತ್ರೆಗೆ ಒಯ್ಯುವಾಗ, ಆಪರೇಷನ್ ಆದ ಮೇಲೆ ಅಲುಗಾಡದೆ ಇರಬೇಕಾದಾಗ, ದೀಪಾವಳಿಯ ಪಟಾಕಿಗೆ ಹೆದರಿ ಅಡಗಲು ಮೂಲೆ ಬೇಕಾದಾಗ ಪೆಟ್ಟಿಗೆಗೆ ಒಗ್ಗಿಕೊಂಡ ನಾಯಿ ನೆಮ್ಮದಿಯಾಗಿರುತ್ತದೆ. ಆದರೆ ಒಗ್ಗಿಸುವುದಕ್ಕೆ ಕ್ರಮವಿದೆ. ಎದ್ದು ನಿಲ್ಲಲು, ಸುತ್ತ ತಿರುಗಲು, ಕಾಲು ಚಾಚಿ ಮಲಗಲು ಜಾಗವಿರಬೇಕು. ಮೊದಲ ದಿನಗಳಲ್ಲಿ ಬಾಗಿಲು ಮುಚ್ಚುವ ಮಾತೇ ಇಲ್ಲ. ಊಟದ ತಟ್ಟೆ ಒಳಗಿಡಿ, ಹಳೆ ಸೀರೆ ಹಾಸಿ, ತಾನಾಗಿ ಹೋಗಿ ಬರಲಿ. ಆಮೇಲೆ ಉಣ್ಣುವಷ್ಟು ಹೊತ್ತು ಬಾಗಿಲು, ಆಮೇಲೆ ಐದು ನಿಮಿಷ, ನೀವು ಎದುರಿಗೇ ಕೂತಿರಬೇಕು. ಕೊರಳ ಪಟ್ಟಿ ತೆಗೆದಿಡಿ, ಕಂಬಿಗೆ ಸಿಕ್ಕಿಕೊಂಡು ಉರುಲಾದೀತು. ರಾತ್ರಿ ನಿಮ್ಮ ಮಂಚದ ಪಕ್ಕ ಇಡಿ, ನಡುರಾತ್ರಿ ಒಂದೆರಡು ಸಲ ಎದ್ದು ಹೊರಗೆ ಒಯ್ಯಿರಿ. ಶಿಕ್ಷೆಗೆಂದು ಒಮ್ಮೆಯೂ ಒಳಗೆ ಹಾಕಬೇಡಿ. ಜೊಲ್ಲು ಸುರಿಸಿ ಕಂಬಿ ಕಚ್ಚಿ ಉಗುರು ಕಿತ್ತುಕೊಳ್ಳುವ ಮರಿಗೆ ಈ ಪಾಠ ಬೇಡ, ನಿಲ್ಲಿಸಿ.

ಇಷ್ಟು ಮಾಡಲು ಪುರುಸೊತ್ತಿಲ್ಲದವರಿಗೆ ಇನ್ನೊಂದು ದಾರಿ ಇದೆ, ಕಾಸೂ ಬೇಕಿಲ್ಲ. ಅಡುಗೆ ಮನೆ ಪಕ್ಕದ ಒಂದು ಮೂಲೆಗೆ ಹಲಗೆ ಅಡ್ಡ ಇಟ್ಟು, ಒಂದು ಕಡೆ ಗೋಣಿಚೀಲ, ಇನ್ನೊಂದು ಕಡೆ ಹಳೆ ಪೇಪರು ಹಾಸಿ, ನೀರಿಡಿ. ಮಲಗುವ ಜಾಗ, ಹೊಯ್ಯುವ ಜಾಗ ಬೇರೆಯಾಯಿತು. ಹಳ್ಳಿಗಳಲ್ಲಿ ದನ ಬಿಡುವ ಹೊತ್ತಿಗೆ ಮರಿ ತುಳಿತಕ್ಕೆ ಸಿಗದಿರಲೆಂದು ಮಕ್ಕರಿ ಬೋರಲು ಹಾಕುತ್ತಿದ್ದರು. ದನ ಹೋದ ಮೇಲೆ ಮಕ್ಕರಿ ಎತ್ತುತ್ತಿದ್ದರು. ಹಿಂದಿನವರೆಲ್ಲ ದಯಾಳುಗಳು ಎಂದು ನಾವು ಹೇಳುತ್ತಿಲ್ಲ. ಎತ್ತುವ ಹೊತ್ತು ಅವರಿಗೆ ಗೊತ್ತಿತ್ತು ಎನ್ನುತ್ತಿದ್ದೇವೆ. ಮೂಲೆಯನ್ನೂ ಕೊಡಲಾಗದ, ಹಗಲೆಲ್ಲ ಬೀಗ ಬೀಳುವ ಮನೆಯವರು ಮರಿ ತರಬೇಡಿ. ಬೆಳೆದ ಬೀದಿ ನಾಯಿಗೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಅನ್ನ ಹಾಕಿ. ಅದಕ್ಕೆ ಹೊಯ್ಯುವುದನ್ನು ತಡೆಯಲು ಈಗಾಗಲೇ ಬರುತ್ತದೆ.

ಕಾನೂನಿನ ಹಲ್ಲು ಎಷ್ಟು ಮೊಂಡು ಎಂಬುದನ್ನೂ ಹೇಳಬೇಕು. ಓಡಾಡಲು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡುವುದು, ಸದಾ ಕೂಡಿಟ್ಟ ನಾಯಿಯನ್ನು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಎರಡು ಮಸಾಲೆ ದೋಸೆಗೂ ಸಾಲದು. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಪ್ರತಿ ಅಂಗಡಿಯೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ದಂಡ ಸಣ್ಣದಿರಬಹುದು, ನೋಂದಣಿ ಇಲ್ಲದ ಅಂಗಡಿಯ ಹೆಸರು ಪೇಪರಿನಲ್ಲಿ ಬಂದರೆ ಆಗುವ ನಷ್ಟ ಸಣ್ಣದಲ್ಲ.

ಅದು ನಮ್ಮ ಕೈಯಲ್ಲಿರುವ ಕೆಲಸ. ನಮ್ಮ ಜಿಲ್ಲೆಯಲ್ಲಿ ನೋಂದಣಿಯಾದ ಪೆಟ್ ಶಾಪ್‌ಗಳೆಷ್ಟು, ತಪಾಸಣೆ ನಡೆದದ್ದು ಯಾವಾಗ, ಪ್ರಾಣಿ ದಯಾ ಸಂಘ ಸಭೆ ಸೇರಿದ್ದು ಯಾವಾಗ ಎಂಬ ಮೂರು ಪ್ರಶ್ನೆ ಇಟ್ಟು ಪಶುಪಾಲನಾ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತಿದ್ದೇವೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಬೇರೆ ಜಿಲ್ಲೆಯ ಗೆಳೆಯರೂ ಹಾಕಿ. ಉತ್ತರ ಬಂದರೂ, ಬಾರದಿದ್ದರೂ ಇಲ್ಲಿ ಬರೆಯೋಣ. ಅಷ್ಟರಲ್ಲಿ ನೀವು ಮರಿ ಕೊಳ್ಳಲು ಹೊರಟಿದ್ದರೆ ಅಂಗಡಿಯವನಿಗೆ ಒಂದೇ ಮಾತು ಹೇಳಿ: 'ತಾಯಿ ನಾಯಿ ಎಲ್ಲಿದೆ, ತೋರಿಸಪ್ಪಾ.' ತೋರಿಸದಿದ್ದರೆ ಕ್ರೇಟನ್ನೂ ಕೊಳ್ಳಬೇಡಿ, ಮರಿಯನ್ನೂ ಕೊಳ್ಳಬೇಡಿ.