ಹಿತ್ತಲ ಮಾತು: ಪ್ಲಾಸ್ಟಿಕ್ ಮನೆಗೂ ಒಂದು ಸೆರಗು ಬೇಕು



ಇಂಡಿ ಕಡೆಯ ತಂಗಿಯೊಬ್ಬಳ ಪತ್ರ ಬಂದಿದೆ. ಹೊಲಿಗೆ ಮಾಡಿ ಕೂಡಿಸಿದ ರೊಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಹಸಿರುಮನೆಯೊಂದನ್ನು ತರಿಸಿ ಹಿತ್ತಲಲ್ಲಿ ನಿಲ್ಲಿಸಿದಳಂತೆ. ಯುಗಾದಿ ಮುಗಿದ ವಾರದಲ್ಲೇ ಟೊಮ್ಯಾಟೊ, ಮೆಂತ್ಯ, ಕೊತಂಬರಿ ಎಲ್ಲ ಬೇಯಿಸಿದ ಪಲ್ಯದ ಹಾಗೆ ಬಾಡಿ ಬಿದ್ದವಂತೆ. "ಮನಿಯಾಗ ಎಲ್ಲಾರೂ ನಗತಾರ್ರಿ. ಇನ್ನ ಮ್ಯಾಲ ನನ್ನ ರೊಕ್ಕಾನೂ ನನ್ನ ಕೈಯಾಗ ಇರಗೊಡಂಗಿಲ್ಲ. ಇದನ್ನ ಗುಜರಿಗೆ ಹಾಕಲೇನು?" ಎಂದು ಕೇಳಿದ್ದಾಳೆ.

ಹಾಕಬೇಡ, ತಂಗಿ. ನಿನ್ನ ಕೈಗುಣವೂ ಕೆಟ್ಟಿಲ್ಲ, ಬೀಜವೂ ಕೆಟ್ಟಿಲ್ಲ. ಚಳಿನಾಡಿನ ಅಂಗಿಯನ್ನು ನಮ್ಮ ಬಿಸಿಲಲ್ಲಿ ತೊಟ್ಟರೆ ಏನಾದೀತು, ಅದೇ ಆಗಿದೆ.

1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮ್ಮರ್ಟ್ ಎಂಬ ಪ್ರೊಫೆಸರು, ಗಾಜಿನ ಮನೆ ಬಲು ತುಟ್ಟಿ ಎಂದು, ತೆಳು ಹಾಳೆ ಹೊದಿಸಿದ ಹಸಿರುಮನೆ ಕಟ್ಟಿದರು. ಅದರ ಕೆಲಸ ಬಿಸಿಲಿನ ಕಾವನ್ನು ಹಿಡಿದಿಡುವುದು. ಲಡಾಖಿನಂಥ ಚಳಿಯ ಊರಿಗೆ ಅದು ವರದಾನ. ನಮ್ಮ ಚಡಚಣದಾಗ ಮೇ ತಿಂಗಳಿಗೆ ಹೊರಗೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ 50 ಆದರೆ ಆಶ್ಚರ್ಯವೇನು? ಹಗಲಿನ ಬಿಸಿ 35 ದಾಟಿದರೆ ಟೊಮ್ಯಾಟೊ ಹೂವು ನಿಲ್ಲದೆ ಉದುರುತ್ತವೆ.

ಹಾಗಾದರೆ ಏನು ಮಾಡಬೇಕು? ಚೌಕಟ್ಟು ಅದೇ ಇರಲಿ, ಹೊದಿಕೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಲಿ. ನಾವು ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದಿಲ್ಲವೇ, ಹಾಗೆ.

ಶಿವರಾತ್ರಿ ಮುಗಿಯಿತೆಂದರೆ ಪ್ಲಾಸ್ಟಿಕ್ ಬಿಚ್ಚಿ, ತೊಳೆದು, ಮಡಚಿ ನೆರಳಲ್ಲಿ ಇಡಿ. ಅದರ ಜಾಗಕ್ಕೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿ. ಅಂಗಡಿಯಲ್ಲಿ 50 ಪರ್ಸೆಂಟ್ ನೆಟ್ ಎಂದು ಕೇಳಿರಿ. ನಮ್ಮ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಮಣೂಕ ಒಣಗಿಸುವ ಶೆಡ್ಡುಗಳಲ್ಲಿ ಇದನ್ನೇ ಬಳಸುತ್ತಾರೆ. ಅವರಲ್ಲಿ ಹಳೆಯ ತುಂಡುಗಳು ಅಗ್ಗಕ್ಕೆ ಸಿಗುವುದುಂಟು. ತಂದದ್ದನ್ನು ಸೋಪಿನ ನೀರಲ್ಲಿ ಚೆನ್ನಾಗಿ ತೊಳೆಯದೆ ಮಾತ್ರ ಕಟ್ಟಬೇಡಿ, ಅದಕ್ಕೆ ಔಷಧಿ ಅಂಟಿರಬಹುದು. ನೆಟ್ ಸಿಗುವ ತನಕ ಪ್ಲಾಸ್ಟಿಕ್ಕಿನ ಮೇಲೆ ಹೊರಗಿನಿಂದ ತೆಳುವಾಗಿ ಸುಣ್ಣದ ನೀರು ಬಳಿದು, ಎರಡೂ ತುದಿ ತೆರೆದಿಡಿ. ಸ್ಪೇನ್ ದೇಶದ ಅಲ್ಮೇರಿಯಾದಲ್ಲಿ ಸಾವಿರಾರು ಎಕರೆ ಪ್ಲಾಸ್ಟಿಕ್ ಮನೆಗಳಿವೆ. ಅಲ್ಲಿಯ ರೈತರೂ ಬೇಸಿಗೆಗೆ ಹೀಗೇ ಬಿಳಿ ಬಳಿಯುತ್ತಾರೆ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಮಾಡಿಗೆ ಮಾತ್ರ ಸಾಕು, ಬದಿಗಳು ತೆರೆದಿರಲಿ. ಎಳ್ಳಮವಾಸಿಯ ಸುಮಾರಿಗೆ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಮೆಣಸಿನಕಾಯಿ, ಬದನಿ, ಟೊಮ್ಯಾಟೊ ಬೀಜ ಬಯಲಲ್ಲಿ ಬೇಗ ಮೊಳೆಯುವುದಿಲ್ಲ. ಪ್ಲಾಸ್ಟಿಕ್ ಮನೆಯ ನಿಜವಾದ ಉಪಯೋಗ ಇರುವುದು ಇಲ್ಲೇ. ರಾತ್ರಿ ಮುಚ್ಚಿ, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಿರಿ. ಒಳಗೆ ಕೈಯಿಟ್ಟಾಗ ನಿಮಗೇ ಉಸಿರುಗಟ್ಟಿದಂತಾದರೆ ಗಿಡಕ್ಕೂ ಹಾಗೇ ಆಗುತ್ತಿರುತ್ತದೆ.

ಹೊಸದಾಗಿ ಕಟ್ಟುವವರು ಅಂಗಡಿಯ ಸಿದ್ಧ ಮನೆಯನ್ನೇ ತರಬೇಕೆಂದಿಲ್ಲ. ಅಗಲ 5 ಅಡಿ, ಉದ್ದ 8 ಅಡಿ, ಎತ್ತರ 6 ಅಡಿಗೆ ಆರು ಬಿದಿರು ನೆಟ್ಟರಾಯಿತು. ಪ್ರತಿಯೊಂದೂ ಒಂದೂವರೆ ಅಡಿ ನೆಲದೊಳಗೆ ಇರಲಿ. ನಡುವೆ ಒಂದಡಿ ಓಡಾಡುವ ದಾರಿ, ಎರಡೂ ಕಡೆ ಎರಡೆರಡಡಿ ಮಡಿ. ಹಾಳೆ ಮಾತ್ರ ಬಿಸಿಲು ತಾಳುವಂಥದು, 200 ಮೈಕ್ರಾನ್ ದಪ್ಪದ್ದು ತನ್ನಿ. ಸಾದಾ ಹಾಳೆ ಒಂದೇ ಬೇಸಿಗೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ಆ ಕಡೆ ಗೋಡೆಯ ಆಸರೆ ಇದ್ದರೆ ಒಳ್ಳೆಯದು. ಹಾಳೆಯ ಅಂಚನ್ನು ಒಂದಡಿ ತಗ್ಗಿನಲ್ಲಿ ಹೂತು ಮಣ್ಣು ತುಳಿಯಿರಿ.

ನಮ್ಮ ಯರಿ ಮಣ್ಣು ನೀರು ಕುಡಿದರೆ ಅಂಟು, ಒಣಗಿದರೆ ಬಿರುಕು. ಎರಡು ಬುಟ್ಟಿ ಯರಿ ಮಣ್ಣಿಗೆ ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ಕೂಡಿಸಿರಿ. ಮೊದಲ ಸಲ ಸೊಪ್ಪಿನಿಂದಲೇ ಶುರು ಮಾಡಿ. ಮೆಂತ್ಯ ನಾಲ್ಕು ದಿನಕ್ಕೆ ಮೊಳೆತು 25 ದಿನಕ್ಕೆ ಕೈಗೆ ಬರುತ್ತದೆ. ರಾಜಗಿರಿ ತಿಂಗಳೊಳಗೆ. ಕೊತಂಬರಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿರಿ. ಮೊಳೆಯಲು ಹತ್ತು ದಿನ ಹಿಡಿಯುತ್ತದೆ, ತಾಳ್ಮೆ ಇರಲಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಎಂಬ ಕೊತಂಬರಿ ತಳಿಯನ್ನು ಒಂದಕ್ಕಿಂತ ಹೆಚ್ಚು ಸಲ ಕೊಯ್ಯಬಹುದು. ಪುದೀನ, ದೊಡ್ಡಪತ್ರಿ ಒಂದು ಮೂಲೆಗಿರಲಿ. ಟೊಮ್ಯಾಟೊ ಹೂ ಬಿಟ್ಟಾಗ ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿದರೆ ಕಾಯಿ ಕಚ್ಚುತ್ತದೆ. ಸವತಿ, ಹೀರಿಗೆ ಜೇನ್ನೊಣ ಬೇಕು, ಅವು ಹೂ ಬಿಟ್ಟಾಗ ಬದಿ ತೆರೆದಿಡಿ.

ನೀರಿನ ಮಾತು. ಕೊಡ ಹೊತ್ತು ತರುವವರಿಗೇ ಗೊತ್ತು ಅದರ ಬೆಲೆ. ನೆಟ್ಟಿನ ನೆರಳಿದ್ದು, ಬುಡಕ್ಕೆ ಒಣ ಹುಲ್ಲೋ ಶೇಂಗಾ ಸಿಪ್ಪೆಯೋ ಹಾಸಿದರೆ ಬೇಸಿಗೆಯಲ್ಲೂ ಇಷ್ಟು ಜಾಗಕ್ಕೆ ದಿನಕ್ಕೆ ಎರಡು ಕೊಡ ಸಾಕು. ಅಕ್ಕಿ, ಬ್ಯಾಳಿ ತೊಳೆದ ನೀರನ್ನು ಚೆಲ್ಲಬೇಡಿ. ಸೋಪಿನ ನೀರು ಮಾತ್ರ ಬ್ಯಾಡ. ನೀರು ಸಂಜೆಗಿಂತ ಬೆಳಿಗ್ಗೆ ಕೊಡಿ.

ಮುಚ್ಚಿದ ಮನೆಯಲ್ಲಿ ಹೇನು, ಬಿಳಿನೊಣ ಬೇಗ ಹೆಚ್ಚುತ್ತವೆ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಎಲೆಯ ಅಡಿಗೆ ಸಿಂಪಡಿಸಿರಿ. ಸೊಪ್ಪು ಕೊಯ್ಯುವ ಮುಂಚಿನ ಕೆಲವು ದಿನ ಸಿಂಪಡಿಸದಿದ್ದರೆ ಕಹಿ ಉಳಿಯುವುದಿಲ್ಲ.

ಇನ್ನು ರೊಕ್ಕದ ಮಾತು. ತಂಗಿ, ಒಂದು ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಡು. ಇಂದು ಎರಡು ಸಿವುಡು ಮೆಂತ್ಯ ಕೊಯ್ದೆ, ಸಂತೆಯಲ್ಲಿ ಅದಕ್ಕೆ ಇಷ್ಟು ಬೆಲೆ, ಅಂತ ದಿನವೂ ಬರಿ. ಇಷ್ಟು ಸಣ್ಣ ಜಾಗದಿಂದ ಮನೆ ತುಂಬ ಕಾಯಿಪಲ್ಯ ಬರುವುದಿಲ್ಲ, ಆದರೆ ದಿನದ ಸೊಪ್ಪಿಗೆ ಅದೇ ಬೇಕಾದಷ್ಟು. ಬೇಸಿಗೆಯಲ್ಲಿ ಸೊಪ್ಪು ತುಟ್ಟಿಯಾದಾಗ ನಗುವವರ ಮುಂದೆ ಆ ಬುಕ್ಕನ್ನು ಹಿಡಿ. ನಿನ್ನ ರೊಕ್ಕ ನಿನ್ನ ಕೈಯಲ್ಲೇ ಇರಬೇಕು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಮೊದಲ ಕೊಯಿಲಿನ ಮೆಂತ್ಯಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಚೂರು ಉಪ್ಪು, ಎಣ್ಣೆ ಕೂಡಿಸಿ ಪಚಡಿ ಮಾಡಿ, ಬಿಸಿ ರೊಟ್ಟಿ ಜೋಡಿ ಎಲ್ಲರಿಗೂ ಬಡಿಸಿರಿ. ಹೇಗಾಯಿತೆಂದು ಒಂದು ಸಾಲು ನನಗೂ ಬರೆಯಿರಿ.