ಕಡಲ ದಂಡೆಗೆ ಧಣಿ ಯಾರು?

ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದ ಪೂರ್ವ ತೀರದಲ್ಲಿ ಕಾಲಾ ಗೊಲೊರಿಟ್ಸೆ ಎಂಬ ಒಂದು ಪುಟ್ಟ ಕೊಲ್ಲಿಯಿದೆ. ‘ಕಾಲಾ’ ಎಂದರೆ ಬಂಡೆಗಳ ನಡುವೆ ಒಳಸರಿದು ನಿಂತ ಕಡಲಿನ ಮೂಲೆ. ೨೦೨೫ರಲ್ಲಿ ಪ್ರವಾಸದ ಉದ್ಯಮದವರು ಜಗತ್ತಿನ ೫೦ ಸುಂದರ ಕಡಲ ದಂಡೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅದರಲ್ಲಿ ಇದಕ್ಕೆ ಮೊದಲನೆಯ ಸ್ಥಾನ ಕೊಟ್ಟರು. ಇಂಥ ಪಟ್ಟಿಗಳ ಮೇಲೆ ನಮಗೆ ವಿಶೇಷ ಗೌರವವಿಲ್ಲ. ಸಮುದ್ರಕ್ಕೆ ಅಂಕ ಹಾಕುವವರನ್ನು ಕಂಡರೆ, ಹತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ನನಗೇ ನಗು ಬರುತ್ತದೆ. ಆದರೆ ಆ ಕೊಲ್ಲಿಗೆ ಹೋಗುವವರಿಗೆ ಅಲ್ಲಿಯ ಊರಿನವರು ಮಾಡಿರುವ ಒಂದು ಕಟ್ಟಳೆ ಮಾತ್ರ ನಮ್ಮ ವಾಚಕರು ತಿಳಿಯತಕ್ಕದ್ದು. ದಿನಕ್ಕೆ ೨೫೦ ಮಂದಿಗೆ ಮಾತ್ರ ಪ್ರವೇಶ. ತಲೆಗೆ ಆರೇಳು ಯೂರೋ. ಹಡಗಿನ ಒಡೆಯನಾದರೂ ಅಷ್ಟೇ, ಕಾರ್ಖಾನೆಯ ಕೂಲಿಯಾದರೂ ಅಷ್ಟೇ. ೨೫೧ನೆಯವನು ಎಷ್ಟು ಹಣ ಸುರಿದರೂ ಅಂದು ಒಳಗೆ ಹೋಗುವಂತಿಲ್ಲ.

ಇಟಲಿಯ ಮರಳಿನ ವಿಚಾರ ನಮಗೇಕೆ ಎಂದು ಯಾರಾದರೂ ಕೇಳಬಹುದು. ಈ ಲೇಖಕ ಆ ದೇಶವನ್ನು ಕಂಡವನಲ್ಲ, ಕಾಣುವ ಯೋಗವೂ ಸದ್ಯಕ್ಕೆ ತೋರುವುದಿಲ್ಲ. ಆದರೆ ಯಾರೂ ಮಾಡದ ವಸ್ತುವಿಗೆ ಯಾರು ಒಡೆಯರು ಎಂಬ ಪ್ರಶ್ನೆ ಎಲ್ಲಿ ಎದ್ದರೂ ಅದು ನಮ್ಮದೇ ಪ್ರಶ್ನೆ. ನೆಲದ ವಿಷಯದಲ್ಲಿ ನಾವು ಅದನ್ನು ಕೇಳಿದ್ದೇವೆ. ಇಟಲಿಯವರು ಈಗ ನೀರಿನ ಅಂಚಿನಲ್ಲಿ ನಿಂತು ಕೇಳುತ್ತಿದ್ದಾರೆ.

ಮೊದಲು ಆ ಜಾಗದ ಸಂಗತಿ. ಬಾವುನೇಯಿ ಎಂಬುದು ಬೆಟ್ಟದ ಮೇಲಿನ ಹಳ್ಳಿ, ಆಡು ಕುರಿ ಕಾಯುವವರ ಊರು. ಅಲ್ಲಿಂದ ಗೊಲ್ಗೊ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಬರಬೇಕು. ಅಲ್ಲಿಗೆ ರಸ್ತೆ ಮುಗಿಯಿತು. ಮುಂದೆ ಸುಮಾರು ಮೂರೂವರೆ ಕಿಲೋಮೀಟರು ಕಾಲುದಾರಿ. ಇಳಿಯಲು ಒಂದು ಗಂಟೆಯ ಮೇಲೆ ಬೇಕು, ಹತ್ತಿ ಬರಲು ಇನ್ನೂ ಹೆಚ್ಚು. ಕಾರಿನಲ್ಲಿ ಬಂದ ಶ್ರೀಮಂತನೂ ಇಲ್ಲಿ ಇಳಿದು ನಡೆಯಲೇಬೇಕು, ಬುತ್ತಿಯನ್ನೂ ನೀರನ್ನೂ ತಾನೇ ಹೊರಬೇಕು. ದಂಡೆಯಲ್ಲಿ ಹೋಟೆಲಿಲ್ಲ, ಬಾಡಿಗೆ ಕುರ್ಚಿಯಿಲ್ಲ. ಮೋಟಾರು ದೋಣಿಗಳು ಹತ್ತಿರ ಸುಳಿಯಬಾರದು. ದೋಣಿಯಲ್ಲಿ ಬಂದವರು ದೂರದಿಂದ ನೋಡಿ ಹೋಗಬೇಕು, ದಂಡೆಗೆ ಇಳಿಯುವಂತಿಲ್ಲ. ದಾರಿಯುದ್ದಕ್ಕೂ ಓಕ್ ಮರಗಳು, ಜೂನಿಪರ್ ಪೊದೆಗಳು, ಜೂನಿಪರ್ ತೊಲೆಗಳಿಂದಲೇ ಕುರುಬರು ಕಟ್ಟಿಕೊಂಡ ಗುಡಿಸಲುಗಳು. ಇಂದು ಪ್ರವಾಸಿಗರು ನಡೆಯುವ ಈ ಭಾಗದ ಎಷ್ಟೋ ದಾರಿಗಳನ್ನು ಪ್ರವಾಸಿಗರಿಗಾಗಿ ಯಾರೂ ಮಾಡಲಿಲ್ಲ. ಮಂದೆ ಅಟ್ಟಿಕೊಂಡು ಹೋದ ಕುರುಬರ ಕಾಲು ಸವೆಸಿದ ದಾರಿಗಳವು. ೧೯ನೆಯ ಶತಮಾನದಲ್ಲೂ ಅದರ ಆಚೆಗೂ ಟಸ್ಕನಿಯಿಂದ ಬಂದ ಇದ್ದಿಲು ಸುಡುವ ಕೂಲಿಗಳು ಇಲ್ಲಿಯ ಕಾಡು ಕಡಿದು ಇದ್ದಿಲು ಮಾಡಿ ಈ ತೀರದ ಕೊಲ್ಲಿಗಳಿಗೆ ಸಾಗಿಸಿದ ಹೊರೆಯ ದಾರಿಗಳೂ ಅವೇ. ದೃಶ್ಯ ಸುಂದರವೆನ್ನುವವರು ಈ ಮಾತನ್ನೂ ನೆನಪಿನಲ್ಲಿಡಬೇಕು.

ಕೆಳಗೆ ಇಳಿದರೆ ಬಿಳಿಯ ಸಣ್ಣ ಹರಳುಕಲ್ಲುಗಳ ದಂಡೆ, ಅದರ ಪಕ್ಕಕ್ಕೆ ಕೋಟೆಯ ಬುರುಜಿನಂತೆ ೧೪೩ ಮೀಟರು ಎತ್ತರದ ಸುಣ್ಣಕಲ್ಲಿನ ಶಿಖರ. ಈ ದಂಡೆ ಅನಾದಿಯದಲ್ಲ. ೧೯೬೨ರಲ್ಲಿ ಬೆಟ್ಟ ಕುಸಿದಾಗ ಬಿದ್ದ ಕಲ್ಲಿನಿಂದ ಆದದ್ದು. ಅಂದರೆ ಅಲ್ಲಿಯ ಮುದುಕರಿಗಿಂತ ದಂಡೆಯೇ ಚಿಕ್ಕದು! ಅಲ್ಲಿಂದ ಒಂದು ಹರಳನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಸಾರ್ಡೀನಿಯಾದಲ್ಲಿ ಮರಳು, ಕಲ್ಲು, ಚಿಪ್ಪು ಕದಿಯುವುದಕ್ಕೆ ದಂಡವಿದೆ. ೨೦೧೯ರಲ್ಲಿ ಫ್ರಾನ್ಸಿನ ಇಬ್ಬರು ಅದೇ ದ್ವೀಪದ ಇನ್ನೊಂದು ದಂಡೆಯಿಂದ ೪೦ ಕಿಲೋ ಮರಳು ತುಂಬಿಕೊಂಡು ಹೊರಟು ಸಿಕ್ಕಿಬಿದ್ದರು. ನೆನಪಿಗಾಗಿ ಒಯ್ಯುತ್ತಿದ್ದೆವೆಂದರಂತೆ. ನಲವತ್ತು ಕಿಲೋ ತೂಗುವ ನೆನಪು!

ಈಗ ೧೯೬೨ರ ಇನ್ನೊಂದು ಸಂಗತಿಗೆ ಬರೋಣ. ಬಾವುನೇಯಿಯ ಬೆಟ್ಟ ಕುಸಿದು ದಂಡೆಯಾದ ಆ ವರ್ಷವೇ, ಅದೇ ದ್ವೀಪದ ಈಶಾನ್ಯ ಮೂಲೆಯಲ್ಲಿ ‘ಕೋಸ್ತಾ ಸ್ಮೆರಾಲ್ಡಾ’, ಎಂದರೆ ಪಚ್ಚೆಯ ತೀರ, ಎಂಬ ಒಂದು ಶ್ರೀಮಂತರ ಕೂಟ ಸ್ಥಾಪಿತವಾಯಿತು. ಅದರ ನಾಯಕ ಆಗಾ ಖಾನ್ ಕರೀಮ್. ಗಾಂಧೀಜಿಯವರನ್ನು ಸೆರೆಯಲ್ಲಿಟ್ಟಿದ್ದ, ಕಸ್ತೂರಬಾ ಅವರು ಪ್ರಾಣಬಿಟ್ಟ ಪುಣೆಯ ಅರಮನೆಯನ್ನು ಕಟ್ಟಿಸಿದ ಆಗಾ ಖಾನರ ಮೊಮ್ಮಗ ಈತ; ಆ ಅರಮನೆಯನ್ನು ೧೯೬೯ರಲ್ಲಿ ಭಾರತಕ್ಕೆ ದಾನವಾಗಿ ಕೊಟ್ಟವರೂ ಇವರೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸಾರ್ಡೀನಿಯಾದಲ್ಲಿ ಮಾತ್ರ ಕುರುಬರ ಕೈಯಿಂದ ಕಡಲಂಚಿನ ನೆಲ ಕೊಳ್ಳಲಾಯಿತು. ಅಲ್ಲಿ ಹೋಟೆಲು, ಬಂಗಲೆ, ವಿಲಾಸ ನೌಕೆಗಳ ಬಂದರು ಎದ್ದವು. ೨೦೦೩ರಲ್ಲಿ ಹೋಟೆಲುಗಳ ಒಡೆತನ ಅಮೆರಿಕದ ಬಂಡವಾಳಗಾರರಿಗೂ ೨೦೧೨ರಲ್ಲಿ ಕತಾರ್ ದೇಶದ ಹೂಡಿಕೆ ಸಂಸ್ಥೆಗೂ ಹೋಯಿತು. ಕುರುಬರ ಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿತು, ನಿಜ. ಬೇಸಿಗೆಯಲ್ಲಿ ತಟ್ಟೆ ತೊಳೆಯುವ, ಹಾಸಿಗೆ ಹಾಸುವ ಕೆಲಸ.

ಕುರುಬರು ನೆಲವನ್ನು ಬಿಟ್ಟುಕೊಟ್ಟದ್ದು ಏಕೆಂದು ಕೇಳಿದರೆ, ಆ ತೀರ ಆಗ ಯಾರಿಗೂ ಬೇಡವಾಗಿತ್ತು. ಉಪ್ಪುಗಾಳಿಯಲ್ಲಿ ಬೆಳೆಯಿಲ್ಲ, ತಗ್ಗಿನಲ್ಲಿ ಮಲೇರಿಯಾ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೬ರಿಂದ ೧೯೫೦ರವರೆಗೆ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಡೀ ದ್ವೀಪಕ್ಕೆ ಡಿ.ಡಿ.ಟಿ. ಹೊಡೆದು ಮಲೇರಿಯಾವನ್ನು ಓಡಿಸಲಾಯಿತು. ಬೆನ್ನ ಮೇಲೆ ಪಂಪು ಹೊತ್ತು ಮನೆ ಮನೆಗೆ, ಜೌಗು ಜೌಗಿಗೆ ಹೋದವರು ಅಲ್ಲಿಯ ಸಾವಿರಾರು ದಿನಗೂಲಿಗಳು. ತೀರಕ್ಕೆ ಬೆಲೆ ಬಂದದ್ದು ಅವರ ದುಡಿಮೆಯಿಂದ. ಆ ಬೆಲೆಯನ್ನು ಹತ್ತು ಹನ್ನೆರಡು ವರ್ಷ ತರುವಾಯ ಎಣಿಸಿಕೊಂಡವರು ಬೇರೆ. ಭೂಮಿಯ ಬೆಲೆ ಎಲ್ಲಿಂದ ಬರುತ್ತದೆಂದು ತರಗತಿಯಲ್ಲಿ ಪಾಠ ಹೇಳಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬಾವುನೇಯಿಯಲ್ಲಿ ಹೀಗೇಕೆ ಆಗಲಿಲ್ಲ? ಕಡಿದಾದ ಬೆಟ್ಟ ಒಂದು ಕಾರಣ. ಇನ್ನೊಂದು, ಅಲ್ಲಿಯ ನೆಲ ಬಹುಪಾಲು ಊರೊಟ್ಟಿನದು. ನಮ್ಮ ಗೋಮಾಳವನ್ನು ನೆನೆಯಿರಿ: ಮೇಯಿಸುವ, ಸೌದೆ ತರುವ ಹಕ್ಕು ಊರಿನ ಎಲ್ಲರಿಗೂ ಉಂಟು, ಮಾರುವ ಹಕ್ಕು ಒಬ್ಬನಿಗೂ ಇಲ್ಲ. ಇಟಲಿಯಲ್ಲಿ ಇಂಥ ಸಾಮೂಹಿಕ ಒಡೆತನಕ್ಕೆ ೧೯೨೭ರಿಂದಲೂ ಕಾಯಿದೆಯಿದೆ, ೨೦೧೭ರ ಕಾಯಿದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಬಡ ಕುರುಬನೊಬ್ಬನ ಕೈಗೆ ನೋಟಿನ ಕಟ್ಟು ತುರುಕಿ ಸಹಿ ಹಾಕಿಸಿಕೊಳ್ಳಬಹುದು. ಇಡೀ ಊರಿಗೆ ಹಾಗೆ ಮಾಡುವುದು ಕಷ್ಟ.

ಇನ್ನು ಉಳಿದ ಇಟಲಿಯ ಪಾಡು. ೧೯೪೨ರ ಅಲ್ಲಿಯ ನಾಗರಿಕ ಸಂಹಿತೆಯ ಪ್ರಕಾರ ಕಡಲ ದಂಡೆ ಸರ್ಕಾರದ ಆಸ್ತಿ, ಅದನ್ನು ಮಾರುವಂತಿಲ್ಲ. ಆದರೆ ಬಾಡಿಗೆಗೆ ಕೊಡಬಹುದು. ಹಾಗೆ ಗುತ್ತಿಗೆ ಹಿಡಿದವರು ಬೇಲಿ ಹಾಕಿ, ಸಾಲು ಸಾಲಾಗಿ ಕೊಡೆ ನೆಟ್ಟು, ಕುರ್ಚಿ ಹಾಸಿ ವ್ಯಾಪಾರ ನಡೆಸುತ್ತಾರೆ. ಲೆಗಾಂಬಿಯೆಂತೆ ಎಂಬ ಪರಿಸರ ಸಂಸ್ಥೆ ೨೦೨೧ರಲ್ಲಿ ಕೊಟ್ಟ ಲೆಕ್ಕದಂತೆ ಇಂಥ ಅಂಗಡಿಗಳು ೧೨,೧೬೬. ಮರಳು ತೀರದಲ್ಲಿ ನೂರಕ್ಕೆ ೪೨ಕ್ಕಿಂತ ಹೆಚ್ಚು ಪಾಲು ಅವುಗಳ ಕೈಯಲ್ಲಿದೆ. ಒಂದು ಕೊಡೆ, ಎರಡು ಕುರ್ಚಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಯೂರೋ ಸಾಮಾನ್ಯ. ಶ್ರೀಮಂತರ ಊರುಗಳಲ್ಲಿ ನೂರಾರು. ಸರ್ಕಾರಕ್ಕೆ ಇವರೆಲ್ಲರಿಂದ ಸೇರಿ ೨೦೧೬ರಿಂದ ೨೦೨೦ರವರೆಗೆ ಬಂದದ್ದು ವರ್ಷಕ್ಕೆ ಸರಾಸರಿ ಹತ್ತು ಕೋಟಿ ಯೂರೋ. ಒಂದೊಂದು ಗುತ್ತಿಗೆಯ ಕನಿಷ್ಠ ಬಾಡಿಗೆಯನ್ನು ವರ್ಷಕ್ಕೆ ೨,೫೦೦ ಯೂರೋಗೆ ಏರಿಸಿದ್ದೇ ೨೦೨೧ರಿಂದ. ನಮ್ಮ ಹಳೆಯ ಗೇಣಿ ಪದ್ಧತಿಯಲ್ಲಿ ಗೇಣಿ ಭಾರ, ಗೇಣಿದಾರ ಬಡವ. ಅಲ್ಲಿ ಗೇಣಿ ಹಗುರ, ಗೇಣಿದಾರನೇ ಧಣಿ!

ಕಾಯಿದೆಯಲ್ಲಿ ಬಡವನಿಗೂ ಒಂದು ಮಾತಿದೆ. ನೀರಿನ ಅಂಚಿಗೆ ಹೋಗಲು, ಸ್ನಾನಕ್ಕೆ ಇಳಿಯಲು ಯಾರನ್ನೂ ತಡೆಯುವಂತಿಲ್ಲವೆಂದು ೨೦೦೬ರ ಡಿಸೆಂಬರಿನ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಟವೆಲು ಹೆಗಲಿಗೆ ಹಾಕಿಕೊಂಡು ಕೊಡೆಗಳ ನಡುವೆ ನುಸುಳಿ, ಕಾಲು ತೋಯಿಸಿಕೊಂಡು ಬರಬಹುದು. ಕೂರಬೇಕಾದರೆ ಕಾಸು ಬಿಚ್ಚಬೇಕು. ದೇವಸ್ಥಾನದ ಬಾಗಿಲು ತೆರೆದು, ಪೂಜೆಯ ತಟ್ಟೆ ನೋಡಿ ಮುಂದಕ್ಕೆ ತಳ್ಳುವ ನೀತಿ ಇದು.

ಐರೋಪ್ಯ ಒಕ್ಕೂಟ ೨೦೦೬ರಲ್ಲಿ ಹೊರಡಿಸಿದ ಒಂದು ನಿರ್ದೇಶದಂತೆ, ಇಂಥ ಗುತ್ತಿಗೆಗಳನ್ನು ಬಹಿರಂಗವಾಗಿ ಟೆಂಡರು ಕರೆದೇ ಕೊಡಬೇಕು. ಇಟಲಿಯ ಸರ್ಕಾರಗಳು, ಬಲದ್ದಾಗಲಿ ಎಡದ್ದಾಗಲಿ, ವಾಯಿದೆ ಹಾಕುತ್ತಲೇ ಬಂದವು. ೨೦೧೬ರಲ್ಲಿ ಒಕ್ಕೂಟದ ನ್ಯಾಯಾಲಯ ಇದು ತಪ್ಪೆಂದಿತು. ೨೦೧೮ರ ಕೊನೆಯಲ್ಲಿ ರೋಮಿನವರು ೨೦೩೩ರವರೆಗೆ ಗುತ್ತಿಗೆಗಳನ್ನು ಮುಂದುವರಿಸಿದರು. ೨೦೨೧ರ ನವೆಂಬರಿನಲ್ಲಿ ಅವರ ಸ್ವಂತ ರಾಜ್ಯ ಪರಿಷತ್ತಿನ ನ್ಯಾಯಪೀಠವೇ ಅದನ್ನು ತಳ್ಳಿಹಾಕಿ, ೨೦೨೩ರ ಅಂತ್ಯಕ್ಕೆ ಎಲ್ಲವೂ ಮುಗಿಯಬೇಕೆಂದಿತು. ೨೦೨೪ರ ಸೆಪ್ಟೆಂಬರಿನ ಸುಗ್ರೀವಾಜ್ಞೆ ಮತ್ತೆ ೨೦೨೭ರ ಸೆಪ್ಟೆಂಬರ್ ೩೦ರವರೆಗೆ ಎಳೆಯಿತು. ಅದಕ್ಕೆ ಮುಂಚೆ, ೨೦೨೪ರ ಆಗಸ್ಟ್ ೯ರಂದು, ಗುತ್ತಿಗೆದಾರರು ಒಂದು ಮುಷ್ಕರವನ್ನೂ ಹೂಡಿದ್ದರು. ಏನು ಮಾಡಿದರು? ಬೆಳಿಗ್ಗೆ ಎರಡು ಗಂಟೆ ಹೊತ್ತು ಕೊಡೆಗಳನ್ನು ಬಿಚ್ಚಲಿಲ್ಲ! ಮುಷ್ಕರವೆಂಬ ಮಾತಿಗೆ ನಮ್ಮ ಕಾರ್ಮಿಕರು ಏನೇನು ಬೆಲೆ ತೆತ್ತಿದ್ದಾರೆಂಬುದನ್ನು ಬಲ್ಲವರು ಇದನ್ನು ಓದಿ ಏನೆಂದುಕೊಳ್ಳಬೇಕೋ ತಿಳಿಯದು.

ಹಾಗೆಂದು ಟೆಂಡರು ಬಂದೊಡನೆ ದಂಡೆ ಜನರದಾಗುತ್ತದೆಂದು ನಾವು ನಂಬುವುದಿಲ್ಲ. ಒಕ್ಕೂಟದವರ ಚಿಂತೆ ಸ್ನಾನ ಮಾಡುವವನದಲ್ಲ, ಪೈಪೋಟಿ ಮಾಡುವ ಬಂಡವಾಳದ್ದು. ಎರಡು ಮೂರು ತಲೆಮಾರಿನಿಂದ ಗಂಡ ಹೆಂಡತಿ ಮಕ್ಕಳು ಸೇರಿ ನಡೆಸುವ ಸಣ್ಣ ಅಂಗಡಿಗಳೂ ಅಲ್ಲಿ ಉಂಟು. ಹೆಚ್ಚು ಹಣ ಕೂಗಿದವನಿಗೆ ದಂಡೆ ಎಂದಾದರೆ ಇವರು ಮೊದಲು ಹೋಗುತ್ತಾರೆ. ಅವರ ಜಾಗಕ್ಕೆ ಹೋಟೆಲು ಕಂಪನಿಗಳು ಬರುತ್ತವೆ, ಕೊಡೆಯ ಬಾಡಿಗೆ ಇನ್ನೂ ಏರುತ್ತದೆ. ಪಿತ್ರಾರ್ಜಿತ ಗುತ್ತಿಗೆಯೂ ಬೇಡ, ಹಣದ ಹರಾಜೂ ಬೇಡ. ಮೊದಲು ಎಷ್ಟು ತೀರ ಮುಕ್ತವಾಗಿರಬೇಕೆಂದು ಗೆರೆ ಎಳೆಯಬೇಕು. ಪುಲಿಯಾ ಪ್ರಾಂತ ಈಗಾಗಲೇ ನೂರಕ್ಕೆ ೬೦ ಪಾಲನ್ನು ಮುಕ್ತ ಸ್ನಾನಕ್ಕೆ ಮೀಸಲಿಡಬೇಕೆಂದು ಕಾನೂನು ಮಾಡಿದೆ. ಇಡೀ ದೇಶಕ್ಕೆ ಅದು ಅನ್ವಯಿಸಬಾರದೇಕೆ?

ಇಲ್ಲೇ ಬಾವುನೇಯಿಯ ಕಟ್ಟಳೆಯ ಮಹತ್ವ. ಹೆಚ್ಚಿಸಲಾಗದ ವಸ್ತುವನ್ನು ಹಂಚಲು ಎರಡೇ ದಾರಿ: ಚೀಲದ ಭಾರ ನೋಡಿ ಕೊಡುವುದು, ಇಲ್ಲವೇ ಸರದಿಯ ಮೇಲೆ ಕೊಡುವುದು. ರೇಷನ್ ಅಂಗಡಿಯ ಮುಂದೆ ನಿಂತು ಬೆಳೆದ ನಮಗೆ ಸರದಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ೨೫೦ ಎಂಬ ಮಿತಿ ದಂಡೆಯನ್ನೂ ಉಳಿಸುತ್ತದೆ, ಸರದಿಯಲ್ಲಿ ಸಿರಿವಂತನನ್ನೂ ನಿಲ್ಲಿಸುತ್ತದೆ. ಕಡಲಿಗೆ ಟಿಕೆಟ್ಟೇ ಎಂದು ಇಟಲಿಯ ಕೆಲವರು ಆಕ್ಷೇಪಿಸುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಇಪ್ಪತ್ತೈದು ಯೂರೋ ಕೊಡೆಗೆ ತಲೆಬಾಗಿ, ಆರೇಳು ಯೂರೋ ಟಿಕೆಟ್ಟಿಗೆ ಹುಬ್ಬುಗಂಟಿಕ್ಕುವುದು ಸರಿಯಲ್ಲ.

ನಮ್ಮ ಆಕ್ಷೇಪಣೆ ಬೇರೆ. ಅಲ್ಲಿ ಸರದಿ ಹಿಡಿಯುವುದು ಮೊಬೈಲಿನ ಮೇಲೆ. ಬೆರಳು ಚುರುಕಾದವನಿಗೆ, ಬೇಸಿಗೆಯ ರಜೆಯ ತಾರೀಖು ಮೊದಲೇ ಗೊತ್ತಿದ್ದವನಿಗೆ ಜಾಗ ಸಿಗುತ್ತದೆ; ಭಾನುವಾರ ಒಂದು ದಿನ ಬಿಡುವು ಸಿಕ್ಕೀತೇನೋ ಎಂದು ಶನಿವಾರ ರಾತ್ರಿಯವರೆಗೆ ತಿಳಿಯದ ಹೋಟೆಲು ಮಾಣಿಗೆ ಸಿಗುವುದಿಲ್ಲ. ಅದೇ ತೀರದಲ್ಲಿ ಬೇಸಿಗೆಯುದ್ದಕ್ಕೂ ದುಡಿಯುವವರು ಅವರು. ಆ ೨೫೦ರಲ್ಲಿ ಒಂದು ಪಾಲನ್ನು ಗೊಲ್ಗೊದ ಬಾಗಿಲಿನಲ್ಲಿ, ಆ ದಿನ ಬೆಳಿಗ್ಗೆ, ಬಂದು ನಿಂತವರಿಗೆ ಕೊಡಬೇಕು. ಊರಿನಿಂದ ಅಲ್ಲಿಯವರೆಗೆ ಕಾರಿಲ್ಲದವರಿಗಾಗಿ ಅಗ್ಗದ ಬಸ್ಸು ಓಡಿಸಬೇಕು. ಟಿಕೆಟ್ಟಿನ ಹಣದಲ್ಲಿ ಮೊದಲ ಖರ್ಚು ಕಾವಲಿನವರ, ಕಸ ಹೊರುವವರ ಸಂಬಳವಾಗಬೇಕು. ಮೂರೂವರೆ ಕಿಲೋಮೀಟರು ಏರುದಾರಿಯಲ್ಲಿ ಇನ್ನೊಬ್ಬರ ಕಸ ಹೊತ್ತು ತರುವುದು ಸಣ್ಣ ಕೆಲಸವಲ್ಲ.