ಮೊದಲು ಕಲಿಯಬೇಕಾದ ಜಾಗ

ಸಂಘದ ಕಾರ್ಯಕಾರಿ ಸಮಿತಿಯ ಸಭೆಗೆ ನಾವು ಒಂದೇ ಒಂದು ಸಲ ಗೈರುಹಾಜರಾದೆವು. ಮರುದಿನ ಸಂಜೆ ಠಾಣೆ ನಿಲ್ದಾಣದಲ್ಲಿ ಲೋಕಲ್ ಇಳಿಯುವಷ್ಟರಲ್ಲಿ ಸುದ್ದಿ ಕಾದಿತ್ತು: ನಮ್ಮನ್ನು ಮಕ್ಕಳ ಫುಟ್‌ಬಾಲ್ ತಂಡದ ತರಬೇತುದಾರರನ್ನಾಗಿ ಸರ್ವಾನುಮತದಿಂದ ಆರಿಸಲಾಗಿತ್ತು. ನಮಗೆ ಗೊತ್ತಿದ್ದದ್ದು ಕಬಡ್ಡಿ, ಅದೂ ಬಿ.ಎ. ಓದುವಾಗ, ಬಹುಪಾಲು ಹೊರಗೆ ಕೂತು.

ಗುಮಾಸ್ತರ ಪದ್ಧತಿಯಂತೆ ಮೊದಲು ಕಡತ ತೆರೆದೆವು. ಹಾಳೆಯ ಮೇಲೆ ಹನ್ನೊಂದು ಚುಕ್ಕೆ ಇಟ್ಟು, ಇವುಗಳಲ್ಲಿ ಯಾವ ಸ್ಥಾನದ ಕೆಲಸವನ್ನು ಮೊದಲು ಕಲಿಯುವುದು ಎಂದು ಯೋಚಿಸಿದೆವು. ಗೋಲು ಹೊಡೆಯುವವನದೇ ಎಂದು ತೋರಿತು. ಮಕ್ಕಳಿಗೂ ಅದೇ ಬೇಕಾಗಿತ್ತು. ಮೂರು ಭಾನುವಾರ ಎಲ್ಲರೂ ಫಾರ್ವರ್ಡುಗಳೇ. ಗೋಲ್‌ಕೀಪರನ ಜಾಗಕ್ಕೆ ಮಾತ್ರ ಅರ್ಜಿಯೇ ಬರಲಿಲ್ಲ. ತಂದೆಗೆ ವರ್ಗವಾಗಿ ಜೂನ್‌ನಲ್ಲಿ ವಿಜಯಪುರದಿಂದ ಬಂದ ಹುಡುಗನೊಬ್ಬನಿದ್ದ. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಅವನನ್ನು ಅಲ್ಲಿ ನಿಲ್ಲಿಸಿದೆವು. ಯಾರಿಗೂ ಬೇಡವಾದ ಮೇಜನ್ನು ಹೊಸಬನಿಗೆ ಕೊಡುವುದು ಕಚೇರಿಯ ಕ್ರಮವೂ ಹೌದಷ್ಟೆ.

ಪಕ್ಕದ ವಸಾಹತಿನ ಹುಡುಗರೊಡನೆ ಮೊದಲ ಪಂದ್ಯ. ನಮ್ಮ ಮೇಲೆ ಆರು ಗೋಲು. ಹಿಂತಿರುಗುವಾಗ ಉಳಿದ ಮಕ್ಕಳು ಗುಂಪಾಗಿ ಮುಂದೆ, ಆ ಹುಡುಗ ಒಬ್ಬನೇ ಹಿಂದೆ. ನಾವೂ ಹತ್ತಿರ ಹೋಗಿ, "ಸ್ವಲ್ಪ ಗಮನ ಇರಬೇಕಪ್ಪಾ" ಎಂದೆವು. ಅವನು ತಲೆ ಎತ್ತದೆ, "ಕಾಕಾ, ಒಮ್ಮೆ ನೀವ ಅಲ್ಲಿ ನಿಂದ್ರಿ, ತಿಳೀತದ" ಎಂದ.

ಆ ರಾತ್ರಿ ಊಟ ಸೇರಲಿಲ್ಲ. ಮುಂದಿನ ಭಾನುವಾರ ಹೋಗಿ ನಿಂತೆವು.

ಗೋಲಿನ ಅಗಲ ಎಂಟು ಗಜ, ಎತ್ತರ ಎಂಟು ಅಡಿ ಎಂದು ಪುಸ್ತಕದಲ್ಲಿ ಓದಿದ್ದೆವು. ಒಳಗೆ ನಿಂತಾಗ ಅದು ಮದುವೆ ಚಪ್ಪರದಷ್ಟು ಕಾಣುತ್ತದೆ. ಗೆರೆಯ ಮೇಲೆಯೇ ನಿಂತರೆ ಎರಡೂ ಪಕ್ಕ ಬಯಲು. ಚೆಂಡು ತರುವವನ ಎದುರಿಗೆ ನಾಲ್ಕು ಹೆಜ್ಜೆ ಮುಂದೆ ಬಂದರೆ ಅವನಿಗೆ ಕಾಣುವ ಸಂದು ಕಿರಿದಾಗುತ್ತದೆ. ಲೋಕಲ್ ಗಾಡಿಯ ಬಾಗಿಲಲ್ಲಿ ಕಾಲು ಅಗಲಿಸಿ ನಿಂತವನನ್ನು ದಾಟಿ ಒಳಗೆ ಹೋಗುವ ಕಷ್ಟ ನಮಗೆಲ್ಲ ತಿಳಿದದ್ದೇ. ತೀರ ಮುಂದೆ ಬಂದಿರೋ, ಚೆಂಡು ತಲೆಯ ಮೇಲಿಂದ ಹಾರಿತು. ಇದನ್ನು ನಾವು ಹುಡುಗನಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಸಂಗತಿ. ಇಡೀ ಮೈದಾನ ಎದುರಿಗೆ ಕಾಣುವುದು ಆ ಒಂದೇ ಜಾಗದಿಂದ. ಹಿಂದಿನ ಆರು ಗೋಲುಗಳನ್ನು ನೆನೆದು ಲೆಕ್ಕ ಹಾಕಿದೆವು: ನಾಲ್ಕರಲ್ಲಿ ಅವನ ಮುಂದೆ ನಮ್ಮವನೆಂಬುವನೇ ಇರಲಿಲ್ಲ. ಮೂರು ಮೇಜುಗಳಲ್ಲಿ ಮಲಗಿದ್ದ ಕಾಗದಕ್ಕೆ ಟಪಾಲು ಗುಮಾಸ್ತನನ್ನು ಗದರಿಸಿದಂತಾಗಿತ್ತು.

ಆದ್ದರಿಂದ ಎರಡನೆಯ ಪಾಠ, ಅವನ ಮುಂದೆ ನಿಲ್ಲುವವನದು. ಸಂಘದ ಹಿರಿಯರೊಬ್ಬರು ಅವನನ್ನು 'ಸೆಂಟರ್ ಹಾಫ್' ಎನ್ನುತ್ತಾರೆ. ಮಕ್ಕಳು 'ಸೆಂಟರ್ ಬ್ಯಾಕ್' ಎಂದು ನಗುತ್ತಾರೆ. ಇಬ್ಬರೂ ಸರಿಯೇ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದಾಗ, ನಡುಮೈದಾನದಲ್ಲಿದ್ದ ಸೆಂಟರ್ ಹಾಫ್ ಹಿಂದೆ ಸರಿದು ಕಾವಲಿಗೆ ನಿಂತ. ಮೇಜು ಬದಲಾಯಿತು, ಹುದ್ದೆಯ ಹೆಸರು ಉಳಿಯಿತು.

ಮೂರನೆಯದು ಹಾಫ್‌ಬ್ಯಾಕ್. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಮುಟ್ಟಿಸುವವನು. ಚಪ್ಪಾಳೆ ಕಡಿಮೆ, ಓಟ ಹೆಚ್ಚು. ನಮ್ಮ ಕೆಂಪಯ್ಯನವರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೂ 1960ರ ರೋಮ್ ಒಲಿಂಪಿಕ್ಸ್‌ಗೂ ಹೋದದ್ದು ಈ ಸ್ಥಾನದ ಆಟದಿಂದಲೇ. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯದಾಯಿತು. ಆ ತಂಡದ ಇಬ್ಬರು ಗೋಲ್‌ಕೀಪರುಗಳಲ್ಲಿ ಒಬ್ಬರಾದ ಮಾಟುಂಗಾದ ಎಸ್.ಎಸ್. ನಾರಾಯಣ್ 2021ರಲ್ಲಿ ತೀರಿಕೊಂಡದ್ದು ನಮ್ಮ ಠಾಣೆಯಲ್ಲೇ. ರಿಕ್ಷಾ ಹಿಡಿದು ಹೋಗಿ ಕೇಳಬಹುದಾಗಿದ್ದ ಪಾಠ. ಆಗ ನಮಗೆ ಫುಟ್‌ಬಾಲಿನ ಗೊಡವೆಯೇ ಇರಲಿಲ್ಲ.

ಫಾರ್ವರ್ಡನ ಕೆಲಸವನ್ನು ಕೊನೆಗೆ ಕಲಿತರೂ ಬಾಧಕವಿಲ್ಲ. ಮಕ್ಕಳು ಅದನ್ನು ಟಿ.ವಿ. ನೋಡಿ ನಮಗಿಂತ ಮೊದಲೇ ಕಲಿತಿರುತ್ತಾರೆ. ಮೆಲ್ಬರ್ನ್ ತಂಡದ ತರಬೇತುದಾರ ಹೈದರಾಬಾದಿನ ರಹೀಂ ಸಾಹೇಬರು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ತಲೆಗೆ ಪೆಟ್ಟಾಗಿದ್ದ ಕಾವಲಿನವ ಜರ್ನೈಲ್ ಸಿಂಗ್‌ರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಅಂತಿಮ ಪಂದ್ಯದಲ್ಲಿ ಅವರೂ ಒಂದು ಗೋಲು ಹೊಡೆದರು. ದಕ್ಷಿಣ ಕೊರಿಯಾ ಎದುರು 2-1ರಿಂದ ಚಿನ್ನ ಬಂತು. ಅಂಥ ಸಾಹಸ ಎಲ್ಲ ಜಾಗಗಳನ್ನೂ ಬಲ್ಲವರಿಗೆ ಸಲ್ಲುವುದು. ನಮಗೆ ಸದ್ಯ ಎರಡೂವರೆ ಜಾಗ ಗೊತ್ತು.

ಹುಡುಗನಿಗೆ ಕ್ಷಮೆ ಕೇಳಿದೆವು, ಅವನಿಗೆ ನಾಚಿಕೆಯಾಯಿತು. "ನಿನಗೆ ಕಾಣುವುದನ್ನು ಕೂಗಿ ಹೇಳು, ಯಾವ ಭಾಷೆಯಾದರೂ ಸರಿ" ಎಂದೆವು. ಈಗ "ಬಲಕ್ಕ ನೋಡೋ!", "ಹಿಂದ ಬಾರೋ!" ಎಂದು ಅವನು ಕೂಗಿದರೆ, ಮನೆಯಲ್ಲಿ ತಾಯಿ ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಉತ್ತರಿಸುವ ನಮ್ಮ ಮಕ್ಕಳು ತಟ್ಟನೆ ತಿರುಗುತ್ತಾರೆ. ಕಳೆದ ಪಂದ್ಯವನ್ನೂ ಸೋತೆವು, ಎರಡೇ ಗೋಲಿನಿಂದ. ಬರುವಾಗ ಅವನು ಗುಂಪಿನ ನಡುವೆ ಇದ್ದ.

ಕೈಗವಸಿನ ಬಿಲ್ಲು ಎರಡು ವಾರದಿಂದ ಖಜಾಂಚಿಗಳ ಬಳಿ ಇದೆ. ಈ ನಡುವೆ ಇಬ್ಬರು ಫಾರ್ವರ್ಡುಗಳು ತಾವೂ ಗೋಲಿನಲ್ಲಿ ನಿಲ್ಲುತ್ತೇವೆಂದು ಬಂದಿದ್ದಾರೆ. ಬರೆದು ಕಳಿಸಿರುವುದು ಒಂದೇ ಜೊತೆಗೆ.